ತಂಗಿಯ ಧಾರಾವಾಹಿ

ಮಾರ್ಚ್ ೯, ಸೋಮವಾರ

ಟಿ.ವಿ. ಚಾನೆಲೊಂದರ ಹೊಸ ಹದಿಹರೆಯದ ಧಾರಾವಾಹಿಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ನನ್ನ ತಂಗಿ ಬರೆದದ್ದು. ನನ್ನ ಬ್ಲಾಗಿನ ವಿಮರ್ಶೆಯಲ್ಲಿ ಅದೊಂದನ್ನು ಮೆಲ್ಲಗೆ ಬಿಟ್ಟುಬಿಡುವವಳಿದ್ದೆ.

ಉಳಿದವನ್ನು ಧಾರಾಳವಾಗಿ ಝಾಡಿಸಿದ್ದೇನೆ. ಮೂವತ್ತು ದಾಟಿದ ಗಂಡಸರು ನುಣ್ಣಗೆ ಗಡ್ಡ ಬೋಳಿಸಿಕೊಂಡು ಹತ್ತನೇ ತರಗತಿಯಲ್ಲಿ ಕೂತಿದ್ದಾರೆ. ಯಾರಿಗೂ ಹೋಂವರ್ಕ್ ಇಲ್ಲ, ಮೊಡವೆಯಿಲ್ಲ. ತಂಗಿಯ ನಾಯಕಿಯಂತೂ ಗಣಿತದಲ್ಲಿ ಫೇಲಾಗಿ, ಮಳೆಯಲ್ಲಿ ನಿಂತು ಬದುಕಿನ ಬಗ್ಗೆ ಉಪನ್ಯಾಸ ಕೊಡುತ್ತಾಳೆ. "ಚಿಕ್ಕಮ್ಮ ಸ್ಕೂಲಿಗೆ ಹೋಗಿದ್ರಾ ಅಮ್ಮಾ?" ಎಂದು ಮಗಳು ಕೇಳಿದಳು.

ಸಂಜೆ ತಂಗಿಯೇ ಫೋನು ಮಾಡಿದಳು.

"ನಂದು ಹೇಗಿದೆ ಅಕ್ಕಾ?"

"ಚೆನ್ನಾಗಿದೆ."

"ಬರೀ ಚೆನ್ನಾಗಿದೆಯಾ? ನೀನು ನೋಡೇ ಇಲ್ಲ ಬಿಡು."

ನೋಡಿದ್ದೇನೆ. ಗುರುತಿಲ್ಲದವರನ್ನು ಬೈಯುವುದಕ್ಕಷ್ಟೇ ನನ್ನ ಬಾಯಿ ಜೋರೇ? ಈಗ ಅವಳದನ್ನೂ ಸೇರಿಸಿದೆ, ಬರೆದವಳು ನನ್ನ ತಂಗಿ ಎಂದೂ ಹಾಕಿದೆ. ಮಾತು ಬಿಟ್ಟರೂ ಬಿಟ್ಟಾಳು. ಮೊದಲು ಅವಳಿಗೇ ಓದಿ ಹೇಳಬೇಕು. ಹನ್ನೆರಡನೇ ತಾರೀಕು, ಗುರುವಾರ ಪ್ರಕಟಿಸುತ್ತೇನೆ.