ಮರ ಯಾರದು?

ಮಾರ್ಚ್ ೩, ೨೦೦೯. ಮಂಗಳವಾರ, ಕಾಪು

'ಮರ ಯಾರದೆಂದು ಕೇಳಿ ಹಾಡೀತೆ ಹಕ್ಕಿ...' ಮುಂದೆ ಏನೋ ಉಂಟು, ನೆನಪಿಲ್ಲ. ಎಲ್ಲಿ ಓದಿದ್ದೋ. ಮಣಿಪಾಲದ ಬಸ್ಸಿನಲ್ಲಿ, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವಾಗ, ಇಡೀ ದಿನ ಅದೇ ಸಾಲು. ಆದರೆ ನಿಜವೇ? ಕೇಳದೆ ಹಾಡಿದರೆ ಕೊಂಬೆ ಕಡಿಯುವವರು ಸುಮ್ಮನಿರುತ್ತಾರೆಯೇ?

ಪಕ್ಕದ ಮನೆಯ ಲವೀನಾ ಆರ್ಕುಟ್‌ನಲ್ಲಿ ಬರೆದಿದ್ದಾಳೆ — "ಹುಡುಗಿಯರು ಎಲ್ಲಿಗೆ, ಯಾರ ಜೊತೆ ಹೋಗಬೇಕೆಂದು ಹೇಳುವವರಿಗೆ ನನ್ನ ವೋಟು ಇಲ್ಲ." ಮದುವೆ ಹಾಲ್‌ಗಳಲ್ಲಿ ಹಾಡುವವಳು, ಕೇಬಲ್ ಟಿವಿಯಲ್ಲಿ ಮಾತಾಡುವವಳು. ಶಿರ್ವದಿಂದ ಕಾರ್ಕಳದವರೆಗೆ ಅವಳ ಮುಖ ಗೊತ್ತಿಲ್ಲದವರಿಲ್ಲ. ಸಂಜೆಯೊಳಗೆ ಇನ್ನೂರು ಬೈಗುಳ.

ಅವಳು ಹೇಳಿದ್ದು ಸರಿ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಯಾರೂ ಕೇಳುವುದಿಲ್ಲ.

ಮಾರ್ಚ್ ೪

ಜನವರಿಯ ಶಿರ್ವದ ಮದುವೆ ನೆನಪಾಯಿತು. "ಆಂಟಿ, ಕನ್ನಡದಲ್ಲಿಯೂ ನಾಲ್ಕು ಮಾತು ಹೇಳಬೇಕು, ಸ್ವಲ್ಪ ತಿದ್ದಿಕೊಡಿ" ಎಂದು ಲವೀನಾ ಚೀಟಿ ತಂದಿದ್ದಳು. ತಿದ್ದಲಿಲ್ಲ, ಪೂರ್ತಿ ಹೊಸದೇ ಬರೆದುಕೊಟ್ಟೆ. ಎಂಟುನೂರು ಜನರ ಚಪ್ಪಾಳೆ. "ನನ್ನ ಹೃದಯದಿಂದ ಬಂದ ಮಾತು" ಎಂದಳು ಮೈಕಿನಲ್ಲಿ. ನಾನು ಕೊನೆಯ ಸಾಲಿನಲ್ಲಿದ್ದೆ.

ಇವತ್ತು ಉಡುಪಿಯಲ್ಲಿ ಇಳಿದು ಸೈಬರ್ ಕೆಫೆಗೆ ಹೋದೆ. ಹೊಸ ಐಡಿ, ಸುಳ್ಳು ಹೆಸರು. ಅವಳ ಬರಹದ ಕೆಳಗೆ ಒಂದೇ ಸಾಲು — 'ಹಾಡುವ ಮೊದಲು ಕೇಳು ಹಕ್ಕಿ, ಮರ ಯಾರದು?'

ಉಳಿದವರ ಬೈಗುಳವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ನನ್ನದೊಂದೇ ಕನ್ನಡದಲ್ಲಿ. ನೋಡಲು ಚೆನ್ನಾಗಿತ್ತು.

ಮಾರ್ಚ್ ೯

ಬಸ್ಸಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಮೊಬೈಲಿಗೆ ಬಂದ ಮೆಸೇಜ್ ನೋಡಿ ನಗುತ್ತಿದ್ದರು. ಒಬ್ಬಳು ಗಟ್ಟಿಯಾಗಿ ಓದಿದಳು. ನನ್ನ ಸಾಲು. 'ಹಕ್ಕಿ'ಯ ಹತ್ತಿರ ನಿಲ್ಲಿಸಲೇ ಇಲ್ಲ. ಬೇಸರವಾದದ್ದು ಅದಕ್ಕೆ ಮಾತ್ರ.

ಮಾರ್ಚ್ ೨೨, ಭಾನುವಾರ

ಕಾರ್ಕಳದಲ್ಲಿ ಒಂದು ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಲವೀನಾಳ ಹಾಡು. "ನೀವೂ ಬನ್ನಿ ಕುಶಲಕ್ಕ, ನಮ್ಮವರು ಅಂತ ಒಬ್ಬರಾದ್ರೂ ಬೇಕಲ್ವಾ" ಎಂದರು ಲವೀನಾಳ ತಾಯಿ ಬರ್ತಾ ಬಾಯಿ. ಹೋದೆ. ಅವಳು ಮೈಕ್ ಹಿಡಿದದ್ದೇ ತಡ, ಹಿಂದಿನಿಂದ ಶುರು — "ಮರ ಯಾರದು? ಮರ ಯಾರದು?" ತಾಳ ಹಾಕಿ. ಹೆಂಗಸರೂ. ಅವಳು ಎರಡು ಸಲ ಬಾಯಿ ತೆರೆದಳು, ಸ್ವರ ಬರಲಿಲ್ಲ. ಬರ್ತಾ ಬಾಯಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ನನ್ನ ಇನ್ನೊಂದು ಕೈ ತೊಡೆಯ ಮೇಲೆ ತಾಳಕ್ಕೆ... ಗೊತ್ತೇ ಆಗಲಿಲ್ಲ.

ಸುಳ್ಳು. ಗೊತ್ತಿತ್ತು.

ಏಪ್ರಿಲ್ ೧೧, ಶನಿವಾರ

ನಾಳೆ ಈಸ್ಟರ್. ಆಮೇಲಿನ ಮದುವೆಗಳಿಗೆ ಲವೀನಾಳ ಬುಕಿಂಗ್ ಎಲ್ಲವೂ ರದ್ದಂತೆ. ನಿನ್ನೆ ಗುಡ್ ಫ್ರೈಡೇ, ಇಗರ್ಜಿಯಲ್ಲಿಯೂ ಅವಳು ಹಾಡಲಿಲ್ಲವಂತೆ. ಸ್ನಾನ ಮಾಡುತ್ತಾ ಹಾಡುತ್ತಿದ್ದವಳು — ಮೂರು ವಾರದಿಂದ ಅವರ ಬಚ್ಚಲಿನ ಕಿಟಕಿ ಸುಮ್ಮನಿದೆ. ನನಗೆ ಬೆಳಗ್ಗೆ ಹೊತ್ತು ಹೋಗುವುದಿಲ್ಲ.

ಈಗ ಬರ್ತಾ ಬಾಯಿ ಬಂದಿದ್ದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಒಂದು ಬಿಳಿ ಹಾಳೆ ಚಾಚಿದರು.

"ಮಗಳ ಹೆಸರಲ್ಲಿ ಒಂದು ಕ್ಷಮಾಪಣೆ ಬರೆದುಕೊಡಿ ಕುಶಲಕ್ಕ, ಪೇಪರಿಗೆ ಕೊಡ್ಲಿಕ್ಕೆ. ಆ ಹಕ್ಕಿಯ ಸಾಲು ಬರೆದವರು ಯಾರೋ ತುಂಬ ಕಲಿತವರು ಅಂತ ಲವೀನಾ ಹೇಳ್ತಾಳೆ. ಅಂಥವರಿಗೆ ಸಮಾಧಾನ ಆಗುವ ಹಾಗೆ ಬರೀಲಿಕ್ಕೆ ನಿಮಗೆ ಬಿಟ್ರೆ ಇಲ್ಲಿ ಬೇರೆ ಯಾರಿಗೆ ಬರ್ತದೆ, ಹೇಳಿ."