ಕೌದಿ ಹಳೇ ಬಟ್ಟೆಯಲ್ಲ

೧೧ ಫೆಬ್ರುವರಿ ೨೦೨೫, ಮಂಗಳವಾರ. ಫ್ರೀಮಾಂಟ್, ಅಮೆರಿಕ.

ಮೇಲಿನ ಮನೆಯ ಪೈಪು ಒಡೆದು ನನ್ನ ಕೌದಿ ಕೊಳಕು ನೀರಲ್ಲಿ ನೆನೆದು ಹಾಳಾಯಿತು. ಮನೆ ಮಾಲೀಕನ ಇನ್ಶೂರೆನ್ಸು ಗೋಡೆಗೆ ಮಾತ್ರವಂತೆ. ಬಾಡಿಗೆಗಿರುವ ನಮ್ಮ ಸಾಮಾನಿಗೆ ನಾವೇ ಮಾಡಿಸಿದ ಇನ್ಶೂರೆನ್ಸು ಬೇರೆ ಇದೆ. ಮಗ ಶಿವರಾಜ ಅದರ ಫಾರ್ಮಿನಲ್ಲಿ ನನ್ನ ಕೌದಿಯನ್ನು 'ಹಳೇ ಬಟ್ಟೆ' ಎಂದು ಬರೆದಿದ್ದ. ಹಳೆಯದಾದಷ್ಟೂ ಬೆಲೆ ಇಳಿಸುತ್ತಾರಂತೆ!

"ಹಳೇ ಸೀರಿ ಕೂಡಿಸಿ ಹೊಲದದ್ದಲ್ಲೇನವ್ವಾ?"

"ಸೀರಿ ಹಳೇವು, ಹೊಲಿಗಿ ನಂದು. ಎರಡು ವರ್ಷ ಕುಂತು ಹೊಲದೀನಿ. ಕೈಲೆ ಹೊಲದ ಕೌದಿ ಅಂತ ಬರಿ. ಇಲ್ಲಾಂದ್ರ ನನ್ನೂ ಹಳೇ ಸಾಮಾನಿನಾಗ ಸೇರಿಸಿಬಿಡು!"

ಅಳಿಸಿ ಬರೆದ.

ನಾಳೆ ಕಂಪನಿಯವನು ನೋಡಲು ಬರುತ್ತಾನೆ. ಕೊಡಲಿ, ಬಿಡಲಿ, ಒಂದೊಂದು ಹೊಲಿಗೆಯನ್ನೂ ಮುಟ್ಟಿಸಿ ತೋರಿಸದೆ ಅವನನ್ನು ಕಳಿಸುವವಳಲ್ಲ ನಾನು. ನನಗೆ ಇಂಗ್ಲಿಷ್ ಬರುವುದಿಲ್ಲ, ಅವನಿಗೆ ಹೊಲಿಗೆ ಬರುವುದಿಲ್ಲ. ಅಲ್ಲಿಗೆ ಸಮ.