ವಿನುತಾಳ ಪರವಾನಗಿ ಮುಗಿದ ದಿನ

ಪ್ರೀತಿಯ ಶೈಲಾ,

ನೀನು ತೀರಿಕೊಂಡು ಮೂರು ವರ್ಷವಾದರೂ ನಿನ್ನ ಮಗಳ ಸುದ್ದಿಯನ್ನು ನಿನಗೇ ಮೊದಲು ಹೇಳಬೇಕೆನಿಸುತ್ತದೆ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ವಿನುತಾ ಅಮೆರಿಕದಿಂದ ಫೋನ್ ಮಾಡಿದಳು. ಚಿಕ್ಕಂದಿನಲ್ಲಿ ಆ ದೇಶಕ್ಕೆ ಹೋಗಿ ವೀಸಾ ಮುಗಿದರೂ ಉಳಿದವರಿಗೆ, ಹೊರಗೆ ಕಳಿಸದೆ ಎರಡೆರಡು ವರ್ಷಕ್ಕೆ ಕೊಡುವ ಕೆಲಸದ ಪರವಾನಗಿ ಇವತ್ತಿಗೆ ಮುಗಿಯಿತಂತೆ. ಐದು ತಿಂಗಳ ಹಿಂದೆಯೇ ಅರ್ಜಿ ಹಾಕಿದ್ದರೂ ಹೊಸದು ಬಂದಿಲ್ಲ. ಅದು ಬರುವತನಕ ಕೆಲಸಕ್ಕೆ ಬರಬೇಡ ಎಂದು ಅವಳು ಕೆಲಸ ಮಾಡುವ ಆಸ್ಪತ್ರೆಯವರು ಹೇಳಿದ್ದಾರೆ.

“ದೊಡ್ಡವ್ವ, ಯಾರರ ಬಾಗಲಾ ಬಡದ್ರ ಹಿಡಕೊಂಡು ಹೋಗಾಕ ಬಂದ್ರೇನೋ ಅನಸ್ತೈತಿ. ಇಳಕಲ್ಲಿಗೆ ಬಂದಬಿಡ್ಲ್ಯಾ?”

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಒಮ್ಮೆ ಬಂದರೆ ಮತ್ತೆ ಅಲ್ಲಿಗೆ ಬಿಟ್ಟುಕೊಳ್ಳುವುದಿಲ್ಲವೆಂದು ಅವಳೇ ಹಿಂದೆ ಹೇಳಿದ್ದಳು. ಐದು ವರ್ಷದವಳಿದ್ದಾಗ ಹೋದವಳು. ಇಲ್ಲಿ ನನ್ನನ್ನು ಬಿಟ್ಟರೆ ಅವಳಿಗೆ ಯಾರೂ ಗೊತ್ತಿಲ್ಲ.

“ಇನ್ನೊಂದು ವಾರ ನೋಡು, ನನ್ನವ್ವ,” ಎಂದೆ.

ಆಮೇಲೆ ಕೇಳಿದಳು: “ನಮ್ಮ ವೀಸಾ ಮುಗದಾಗ ಊರಿಗೆ ವಾಪಸ್ ಹೋಗಬೇಕಂತ ಅವ್ವ ಒಮ್ಮೆರ ಅಂದಿದ್ಲೇನು?”

“ಇಲ್ಲವ್ವಾ, ಎಂದೂ ಅಂದಿಲ್ಲ,” ಎಂದುಬಿಟ್ಟೆ.

ವೀಸಾ ಮುಗಿದ ಆ ವಾರ ನೀನು ಮೂರು ಸಲ ಫೋನ್ ಮಾಡಿದ್ದೆ, ಶೈಲಾ. “ಅಕ್ಕಾ, ಮಗಳನ್ನ ಕರಕೊಂಡು ಬರ್ತೇನಿ, ನಿಮ್ಮ ಮನ್ಯಾಗ ಜಾಗಾ ಕೊಡ್ತಿಯೇನು?” ಎಂದು ಕೇಳಿದ್ದೆ. ವಾಪಸ್ ಬರಲು ಒಪ್ಪದ ಗಂಡನನ್ನು ಬಿಟ್ಟು ಬಂದರೆ ಜನ ಏನಂತಾರೆ, ಅಲ್ಲೇ ಇರು ಎಂದವಳು ನಾನು.

ನಾಳೆ ಬೆಳಿಗ್ಗೆ ಮತ್ತೆ ಫೋನ್ ಮಾಡುತ್ತೇನೆ ಎಂದಿದ್ದಾಳೆ ವಿನುತಾ.

ನಿನ್ನ ಅಕ್ಕ